ಸಗಿನ್ ಮೇಷ್ಟ್ರು ಹಂಡೆ ತೊಳೆದದ್ದು

ಸಗಿನ್ ಮೇಷ್ಟ್ರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಆ ಭಾನುವಾರದ ಸುದ್ದಿ ಕೇಳಿದವರೆಲ್ಲ ಅವರಿಗೆ ಹಿಡಿಶಾಪ ಹಾಕುತ್ತಾರೆ. ನಮ್ಮ ಬಾಲಿಕ್ಚಿ ಊರಿನ ಶಾಲೆಯಲ್ಲಿ ವ್ಯಾಯಾಮ ಕಲಿಸಿ ನಿವೃತ್ತರಾದ ಮೇಲೆ ಅವರು ಕಾಲು ಚಾಚಿ ಕೂರಬಹುದಿತ್ತು. ಕೂರಲಿಲ್ಲ. ಊರಿನಲ್ಲಿ ಮನೆಗೊಬ್ಬರಂತೆ ಬಿಪಿಯವರು, ಸಕ್ಕರೆ ಕಾಯಿಲೆಯವರು. ಎದುರಿಗೇ ಅಷ್ಟು ದೊಡ್ಡ ಇಸಿಕ್-ಕುಲ್ ಸರೋವರ, ಅದರಲ್ಲಿ ಕಾಲು ಅದ್ದಿದ ಹೆಂಗಸರೇ ಕಡಿಮೆ. ಈಜು, ಸೈಕಲ್, ಓಟ ಮೂರನ್ನೂ ಒಂದರ ಬೆನ್ನಿಗೆ ಒಂದು ಮಾಡುವ ಟ್ರಯಾಥ್ಲಾನ್ ಉಳ್ಳವರ ಆಟವಲ್ಲ, ಹಳೆಯ ಸೈಕಲ್ಲೊಂದಿದ್ದರೆ ಸಾಕು ಎಂದು ಮೇಷ್ಟ್ರು ಮನೆಮನೆಗೆ ಹೋಗಿ ಹೇಳಿದರು. ಯಾವ ಬಟ್ಟೆಯಾದರೂ ಸರಿ, ಬನ್ನಿ ಅಂದರು.

ಮೊದಲು ಬಂದವಳು ಬುರ್ಮಕಾನ್. ಹೆದ್ದಾರಿಯ ಪಕ್ಕ ಹೊಗೆ ಹಾಕಿದ ಮೀನು ಮಾರುವವಳು. ಐವತ್ತು ದಾಟಿದ ಭಾರದ ಮೈ, ಸಕ್ಕರೆ ಕಾಯಿಲೆ, ಚಾಕುವಿನಂಥ ಬಾಯಿ. ಗಂಡನ ಹಳೆಯ ಪೈಜಾಮ ಹಾಕಿಕೊಂಡು, ತಲೆವಸ್ತ್ರ ಬಿಗಿದು ನೀರಿನ ಅಂಚಿಗೆ ಬಂದು ನಿಂತಳು.

"ಮೇಷ್ಟ್ರೇ, ನಾನಿಳಿದ್ರೆ ನೀರೆಲ್ಲ ಊರಿಗೆ ನುಗ್ಗುತ್ತೆ. ಆಮೇಲೆ ನನ್ನನ್ನ ಬೈಬೇಡಿ!"

"ನುಗ್ಲಿ ಬಿಡಮ್ಮ. ಊರು ತೊಳೆದು ಎಷ್ಟು ಕಾಲ ಆಯ್ತೋ!"

ಅವಳ ಹಿಂದೆ ಅಕ್ಕಪಕ್ಕದ ಹೆಂಗಸರೂ ಬಂದರು. ಬೇಸಿಗೆ ಮುಗಿಯುವ ಹೊತ್ತಿಗೆ ಬುರ್ಮಕಾನ್ ಆಳದವರೆಗೂ ಈಜಿ ವಾಪಸು ಬರುತ್ತಿದ್ದಳು. ಡಾಕ್ಟರು ಮಾತ್ರೆ ಕಡಿಮೆ ಮಾಡಿದರು. ಮೂರನ್ನೂ ಒಂದೇ ಉಸಿರಿಗೆ ಮುಗಿಸುವುದೊಂದು ಬಾಕಿ ಇತ್ತು. ಚಳಿ ಬಂದು ನೀರು ಕೊರೆಯುವ ಮುಂಚೆ ಎಂದು ಒಂದು ಭಾನುವಾರ ಗೊತ್ತುಮಾಡಿದರು. ಅವಳು ಗಿರಾಕಿಗಳಿಗೂ ಅದನ್ನೇ ಹೇಳಿಕೊಂಡು ತಿರುಗಿದಳು.

ಅಷ್ಟರಲ್ಲಿ ರಾಜಧಾನಿಯಿಂದ ಫೋನು ಬಂತು. ಆರೋಗ್ಯದ ಕೆಲಸಕ್ಕೆ ನೆರವು ಕೊಡುವ ಸಂಸ್ಥೆಯವರು ಅದೇ ಭಾನುವಾರ ನೋಡಿ ಫೋಟೋ ತೆಗೆಯಲು ಬರುತ್ತಾರಂತೆ, ಮೆಚ್ಚಿದರೆ ಊರಿಗೆ ಹೊಸ ಸೈಕಲ್‌ಗಳನ್ನು ಕೊಡುತ್ತಾರಂತೆ. ಮೇಷ್ಟ್ರ ತಲೆ ತಿರುಗಿತು. ಅತಿಥಿಗಳೆಂದ ಮೇಲೆ ಕುರಿ ಕಡಿಸಬೇಕು, ಯಾರಾದರೂ ಬೇಯಿಸಬೇಕು. ಆದರೆ ನಿಜ ಹೇಳಬೇಕೆಂದರೆ ಅಡುಗೆ ಬರೀ ನೆಪ. ಕ್ಯಾಮೆರಾದ ಮುಂದೆ ಬುರ್ಮಕಾನಳ ಒದ್ದೆ ಪೈಜಾಮ ನೆನೆಸಿಕೊಂಡರೇ ಅವರ ಕಿವಿ ಬಿಸಿಯಾಗುತ್ತಿತ್ತು.

"ಬುರ್ಮಕಾನ್, ಭಾನುವಾರ ಒಲೆ ನಿಂದೇ ಕಣಮ್ಮ. ನಿನ್ನ ಕೈರುಚಿ ಬೇರೆ ಯಾರಿಗಿದೆ?"

"ಅವತ್ತು ನಂದು ಓಟ ಅಲ್ವಾ ಮೇಷ್ಟ್ರೇ?"

"ಅದನ್ನ ಮುಂದೆ ಮಾಡೋಣ."

"ಮುಂದೆ ಅಂದ್ರೆ? ಬರೋ ಬೇಸಿಗೆಗಾ? ನೀರು ಆಗ್ಲೇ ಕಚ್ತಾ ಇದೆ."

ಮೇಷ್ಟ್ರು ನಕ್ಕು ಮಾತು ತೇಲಿಸಿದರು. ಅವಳು ಅವರ ಮುಖವನ್ನೇ ನೋಡಿ, "ಆಯ್ತು" ಎಂದಳು. ಅಂಥ ಬಾಯಿಯಿಂದ ಅಷ್ಟೇ ಹೊರಟಾಗ ಅವರಿಗೆ ಅರ್ಥವಾಗಬೇಕಿತ್ತು.

ಭಾನುವಾರ ಮೇಷ್ಟ್ರು ಕರೆಸಿದ ಕಾಲೇಜಿನ ತೆಳ್ಳಗಿನ ಹುಡುಗ ಹುಡುಗಿಯರು ಈಜಿದರು, ಸೈಕಲ್ ತುಳಿದರು, ಓಡಿದರು. ಬೇಕಾದಷ್ಟು ಫೋಟೋ ತೆಗೆದದ್ದಾಯಿತು. ವರ್ಷವಿಡೀ ಕೊಬ್ಬು ಬಿಡಿ ಎಂದು ಬೋಧಿಸಿದ ಮೇಷ್ಟ್ರು ದಡದ ಮೇಲೆ ಬಟ್ಟೆ ಹಾಸಿ, ಕೊಬ್ಬು ತೇಲುವ ಕುರಿಮಾಂಸವನ್ನೇ ಬಡಿಸಿದರು. ಬಂದವರಲ್ಲಿ ಒಬ್ಬ ಡಾಕ್ಟರಮ್ಮ ಕೇಳಿದರು:

"ಎಲ್ಲಾ ಚೆನ್ನಾಗಿದೆ. ಆದ್ರೆ ಇವರೆಲ್ಲ ಮೊದ್ಲಿಂದ್ಲೂ ಗಟ್ಟಿಮುಟ್ಟಾಗಿರೋರೇ ಅಲ್ವಾ? ಕಾಯಿಲೆಯವರು, ವಯಸ್ಸಾದವರು ಯಾರೂ ಬರಲ್ವಾ?"

"ಬರಲ್ಲ ಮೇಡಂ. ಎಷ್ಟು ಕರೆದ್ರೂ ನಾಚ್ಕೊಳ್ತಾರೆ."

ಬುರ್ಮಕಾನ್ ಅವರ ಪಕ್ಕದಲ್ಲೇ ಚಹಾ ಬಗ್ಗಿಸುತ್ತಿದ್ದಳು. ನಮ್ಮಲ್ಲಿ ಬಟ್ಟಲಿಗೆ ಸ್ವಲ್ಪ ಸ್ವಲ್ಪವೇ ಬಗ್ಗಿಸಿ ಮತ್ತೆ ಮತ್ತೆ ಕೊಡುವುದು ಮರ್ಯಾದೆ. ಅಂಚಿನವರೆಗೆ ತುಂಬಿಸಿ ಕೊಟ್ಟರೆ, ಕುಡಿದು ಎದ್ದು ಹೋಗು ಎಂದರ್ಥ. ಅವಳು ಮೇಷ್ಟ್ರ ಬಟ್ಟಲನ್ನು ಅಂಚಿನವರೆಗೆ ತುಂಬಿದಳು. ಒಂದು ಹನಿಯೂ ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದು ಮುಂದಿಟ್ಟಳು.

"ಕುಡೀರಿ, ಮೇಷ್ಟ್ರೇ."

ಡಾಕ್ಟರಮ್ಮನೂ ನಮ್ಮವರೇ. ಬಟ್ಟಲು ನೋಡಿ ತಲೆ ತಗ್ಗಿಸಿದರು. ಮೊದಲು ಬಂದವಳು ಇವಳೇ ಎಂದು ಆಗಲಾದರೂ ಹೇಳಬಹುದಿತ್ತು. ಮೇಷ್ಟ್ರು ಬಟ್ಟಲೆತ್ತಿ ಚಹಾ ಕುಡಿದರು. ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ಅತಿಥಿಗಳು ತಿಳಿಸುತ್ತೇವೆಂದು ಹೇಳಿ ಕಾರು ಹತ್ತಿದರು. ಬಿಸಿಲು ಇನ್ನೂ ಇತ್ತು. ಬುರ್ಮಕಾನ್ ತಂದಿದ್ದ ಬಟ್ಟೆಗಂಟು ಬಿಚ್ಚಿ ಪೈಜಾಮ ಹಾಕಿಕೊಂಡು ನೀರಿನ ಕಡೆ ನಡೆದಳು. ಹೆಂಗಸರೆಲ್ಲ ಸೌಟು ಬಿಟ್ಟು ಅವಳ ಹಿಂದೆ ಹೊರಟರು.

"ನಾನೂ ಜೊತೆಗೆ ಈಜ್ತೀನಿ ಕಣಮ್ಮ," ಎಂದು ಮೇಷ್ಟ್ರು ಓಡಿದರು.

"ಬೇಡ ಮೇಷ್ಟ್ರೇ. ಪಾತ್ರೆ ಹಾಗೇ ಬಿದ್ದಿವೆ."

ಮೇಷ್ಟ್ರು ಅಂಗಿಯ ತೋಳು ಮಡಿಸಿ, ಮಾಂಸ ಬೇಯಿಸಿದ ಹಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಮರಳು ಹಾಕಿ ಉಜ್ಜತೊಡಗಿದರು. ಗಂಡಸರು ಪಾತ್ರೆ ಮುಟ್ಟುವ ಊರಲ್ಲ ಇದು. ಸಂತೆಯಿಂದ ಬರುತ್ತಿದ್ದವರು ನಿಂತು ನೋಡಿದರು.

"ಏನ್ ಮೇಷ್ಟ್ರೇ, ಇದು ನಾಲ್ಕನೇ ಆಟನಾ?"

ಅವರು ಉಜ್ಜುತ್ತಲೇ ಇದ್ದರು. ನಗುವವರು ನಗಲಿ. 'ನಾಚ್ಕೊಳ್ತಾರೆ' ಎಂದ ತಮ್ಮದೇ ಮಾತು ಅದಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಅವಳು ನಾಚಿಕೊಂಡಿರಲಿಲ್ಲ, ಒಂದು ದಿನವೂ.

ಹೆಂಗಸರ ಕೂಗಾಟ ಕೇಳಿಸಿತು. ಬುರ್ಮಕಾನ್ ನೀರಿನಿಂದೆದ್ದು ನಡುಗುತ್ತಾ ಬಂದು ಸೈಕಲ್ ಹಿಡಿದಳು. ಹಂಡೆಯ ಹತ್ತಿರ ನಿಂತು ಒಳಗೆ ಬೆರಳು ಎಳೆದು, ಅದನ್ನು ಮೇಷ್ಟ್ರ ಕಣ್ಣ ಮುಂದೆ ಹಿಡಿದಳು.

"ಜಿಡ್ಡು ಹೋಗಿಲ್ಲ ಮೇಷ್ಟ್ರೇ. ನಾನು ಓಡಿ ಮುಗಿಸೋಷ್ಟ್ರಲ್ಲಿ ಇನ್ನೊಂದ್ಸಲ ಉಜ್ಜಿ."

ಬೆರಳನ್ನು ಒದ್ದೆ ಪೈಜಾಮಕ್ಕೆ ಒರೆಸಿಕೊಂಡು ಸೈಕಲ್ ಹತ್ತಿದಳು. ಮೇಷ್ಟ್ರು ಇನ್ನೊಂದು ಹಿಡಿ ಮರಳು ತೆಗೆದುಕೊಂಡರು.