ಮೇಡಂ ಬೇಡವೆಂದ ಕಟ್ಟಡ

ಕಳೆದ ತಿಂಗಳು ಒಂದು ಶನಿವಾರ ಬೀರುವಿನ ಬಾಗಿಲು ತೆಗೆದೆ. ಡಾಂಬರು ಗುಳಿಗೆಯ ವಾಸನೆ ರಪ್ಪನೆ ಮುಖಕ್ಕೆ ಹೊಡೆಯಿತು. ಆ ವಾಸನೆಗೆ ನಿಮಗೆ ಅಜ್ಜಿಯ ಟ್ರಂಕು ನೆನಪಾಗಬಹುದು, ಮದುವೆಯ ರೇಷ್ಮೆ ನೆನಪಾಗಬಹುದು. ನನಗೆ ನೆನಪಾಗುವುದು ಒಣಗಿಸಿ, ಒತ್ತಿ, ದಪ್ಪ ಕಾಗದಕ್ಕೆ ಹೊಲಿದಿಟ್ಟ ಗಿಡಗಳು. ಸಸ್ಯವಿಜ್ಞಾನ ಓದಿದವರ ಯೌವನಕ್ಕೆಲ್ಲ ಇದೇ ವಾಸನೆ. ಬೇರೆಯವರಿಗೆ ಮಲ್ಲಿಗೆ ಇರುತ್ತದೆ, ನಮಗೆ ಇದು.

ಬೀರು ತೆಗೆದದ್ದು ಸೀರೆ ಹುಡುಕಲು. ಯಲಹಂಕದಾಚೆ ನಾನು ಕೆಲಸ ಮಾಡುವ ಸಂಶೋಧನಾ ಸಂಸ್ಥೆಗೆ ನಾನೇ ನಿರ್ದೇಶಕಿಯಾಗಬೇಕೆಂದು ಆಡಳಿತ ಮಂಡಳಿಯ ಅಧ್ಯಕ್ಷರು ಫೋನು ಮಾಡಿದ್ದರು. ಸೋಮವಾರದೊಳಗೆ ಉತ್ತರ ಬೇಕಂತೆ. ನಿರ್ದೇಶಕಿ ಎನ್ನುವವಳು ಉಡುವಂಥ ಸೀರೆ ನನ್ನ ಹತ್ತಿರ ಇದೆಯೇ ಎಂದು ನೋಡಹೊರಟಿದ್ದೆ. ಒಪ್ಪುವುದೋ ಬೇಡವೋ ಇನ್ನೂ ತಿಳಿದಿರಲಿಲ್ಲ, ಆದರೂ ಮೊದಲು ಸೀರೆ. ಮನಸ್ಸು ನಿಲ್ಲದಾಗ ಕೈಗೇನಾದರೂ ಕೆಲಸ ಬೇಕಲ್ಲ.

"ಹೂಂ ಅಂದ್ಬಿಡೇ, ಇನ್ನೇನ್ ಯೋಚ್ನೆ?" ಎಂದರು ನನ್ನವರು, ಪೇಪರಿನಿಂದ ತಲೆಯೆತ್ತದೆ.

ಯೋಚನೆ ಹಂಚಿನಾಳ ಮೇಡಂದು. ಧಾರವಾಡದ ಕಡೆಯಿಂದ ಬಂದು ಇದೇ ಸಂಸ್ಥೆಯನ್ನು ನಡೆಸಿದವರು, ನನ್ನ ಪಿಎಚ್.ಡಿ.ಗೆ ಮಾರ್ಗದರ್ಶಕರು. ಹುಲ್ಲುಗಾವಲಿನ ಸಣ್ಣ ಗಿಡಗಳ ಬಗ್ಗೆ ಅವರಿಗೆ ಗೊತ್ತಿದ್ದಷ್ಟು ದಕ್ಷಿಣದಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಅವರು ನಿರ್ದೇಶಕಿಯಾದ ದಿನ ನಾವು ವಿದ್ಯಾರ್ಥಿಗಳು ಸ್ವೀಟು ಹಂಚಿದೆವು. ಹಿರಿಯ ಸಹೋದ್ಯೋಗಿಯೊಬ್ಬರು ಮಾತ್ರ ಪೇಡೆ ಬಾಯಿಗೆ ಹಾಕಿಕೊಂಡು, "ಒಬ್ಬ ಒಳ್ಳೇ ಬಾಟನಿಸ್ಟ್ ಹೋದ್ರು ಕಣ್ರಮ್ಮ" ಎಂದಿದ್ದರು. ಆ ಮಾತು ಅರ್ಧ ನಿಜವಾಯಿತು. ಮೇಡಂ ಬೆಳಗಿನಿಂದ ಸಂಜೆಯವರೆಗೆ ಮೀಟಿಂಗಿನಲ್ಲಿ ಕೂತರು. ಇನ್ನರ್ಧ ಸುಳ್ಳಾಯಿತು, ಹೇಗೆಂದು ಹೇಳುತ್ತೇನೆ.

ಸಂಸ್ಥೆಯ ಹಿಂಭಾಗದಲ್ಲಿ ಒಂದು ತುಂಡು ನೆಲವಿತ್ತು. ಬೇಸಿಗೆಯಲ್ಲಿ ಬರೀ ಬಿರುಕು, ಜಲ್ಲಿ. ಮಳೆ ಬಿದ್ದು ನೀರು ಜಿನುಗತೊಡಗಿದರೆ ಅಲ್ಲಿ ಡ್ರಾಸೆರಾ ಏಳುತ್ತಿತ್ತು: ನಾಣ್ಯದಷ್ಟಗಲದ ಕೆಂಪು ಗಿಡ, ಎಲೆಯ ತುಂಬ ಅಂಟಿನ ಹನಿ, ಆ ಹನಿಗೆ ಸಿಕ್ಕಿಬಿದ್ದ ನೊಣವೇ ಅದರ ಊಟ. ನೋಡಬೇಕೆಂದರೆ ಹೊಟ್ಟೆಯ ಮೇಲೆ ಮಲಗಬೇಕು. ಮೇಡಂ ಇಳಕಲ್ ಸೀರೆಯಲ್ಲೇ ಮಲಗುತ್ತಿದ್ದರು. ಒಮ್ಮೆ ದೆಹಲಿಯಿಂದ ಬಂದಿದ್ದ ಅಧಿಕಾರಿಯನ್ನೂ ಕೋಟಿನ ಸಮೇತ ಮಲಗಿಸಿದ್ದರು. ಅವರು ಎದ್ದಾಗ ಮೂಗಿನ ತುದಿಗೆ ಕೆಸರು. ನಗಬಾರದೆಂದು ನಾವೆಲ್ಲ ಆಕಾಶ ನೋಡಿದೆವು.

ಬೆಂಗಳೂರಿನ ಉತ್ತರದಲ್ಲಿ ಇಂಥ ಜಾಗಗಳು ಹಿಂದೆ ಎಷ್ಟೋ ಇದ್ದವು. ಹೆಬ್ಬಾಳದ ಮೇಲೆ ರಸ್ತೆ ಎದ್ದಿತು, ಕೆಳಗೆ ಲೇಔಟು ಬಂತು, ಒಂದೊಂದಾಗಿ ಹೋದವು. ನಾನೀಗ ಇರುವ ಸಹಕಾರನಗರದ ಮನೆಯ ಕೆಳಗೂ ಏನಿತ್ತೋ, ಕೇಳಬೇಡಿ.

ಆ ಕಾಲದಲ್ಲೇ ಸಂಸ್ಥೆಗೆ ದೊಡ್ಡ ಅನುದಾನ ಬಂತು. ಅಪರೂಪದ ಸಸ್ಯಗಳನ್ನು ಉಳಿಸಲು ಒಂದು ಕೇಂದ್ರ, ಬೀಜಗಳನ್ನಿಡಲು ತಣ್ಣನೆಯ ಕೋಣೆಗಳು, ಪ್ರಯೋಗಾಲಯ. ಮೇಡಂ ವರ್ಷಗಟ್ಟಲೆ ಬೆನ್ನುಬಿದ್ದು ತಂದದ್ದು. ಅಲ್ಲಿ ನನಗೂ ವಿಜ್ಞಾನಿಯ ಕಾಯಂ ಕೆಲಸವಿತ್ತು. ನಾನು ಆಗಲೇ ನನ್ನ ಕೋಣೆಯ ಕಿಟಕಿ ಯಾವ ದಿಕ್ಕಿಗಿರಬೇಕೆಂದು ಎಂಜಿನಿಯರಿಗೆ ಹೇಳಿಯಾಗಿತ್ತು. ಆಡಳಿತ ಮಂಡಳಿ ಕಟ್ಟಡಕ್ಕೆ ಜಾಗ ಗೊತ್ತು ಮಾಡಿತು. ಯಾವ ಜಾಗ ಅಂತ ನಿಮಗೆ ಹೊಳೆದಿರಬೇಕು. ಹಿಂಭಾಗದ ಆ ಖಾಲಿ ನೆಲ.

ಮೇಡಂ ಬೇಡವೆಂದರು. ಹಳೆಯ ಕಟ್ಟಡದ ಮೇಲೆ ಇನ್ನೊಂದು ಅಂತಸ್ತು ಏರಿಸೋಣ ಎಂದರು. ಹೊಸ ಕಟ್ಟಡಕ್ಕೆಂದು ಕೊಟ್ಟ ಅನುದಾನ, ಹಾಗೆಲ್ಲ ಆಗುವುದಿಲ್ಲ ಎಂಬ ಉತ್ತರ ಬಂತು. ಕೊನೆಗೆ ಜಾಗವನ್ನು ಕಣ್ಣಾರೆ ನೋಡುತ್ತೇವೆಂದು ಮಂಡಳಿಯವರು ಬಂದರು. ಬಂದದ್ದು ಸುಡು ಬೇಸಿಗೆಯಲ್ಲಿ.

"ಎಲ್ಲಿ ಮೇಡಂ ನಿಮ್ಮ ಗಿಡ?" ಎಂದರು ಆಗಿನ ಅಧ್ಯಕ್ಷರು, ಬಿರುಕಿನ ಮೇಲೆ ನಿಂತು.

"ಈಗ ಇಲ್ರೀ. ಮಳಿ ಬಂದ ಮ್ಯಾಲೆ ಬರ್ತದ."

"ಅಲ್ರೀ, ಇಲ್ದೇ ಇರೋ ಗಿಡಕ್ಕೋಸ್ಕರ ಬಂದಿರೋ ಬಿಲ್ಡಿಂಗ್ ಬಿಡೋಣ ಅಂತೀರಾ? ಅದೂ ಗಿಡ ಉಳ್ಸೋ ಬಿಲ್ಡಿಂಗು!"

ಎಲ್ಲರೂ ನಕ್ಕರು. ಹಿಂದೆ ನಿಂತಿದ್ದ ನನಗೂ ಆ ಮಾತಿನಲ್ಲಿ ನ್ಯಾಯವಿದೆ ಅನ್ನಿಸಿತು. ಮೇಡಂ ನಗಲಿಲ್ಲ. "ಗಿಡ ಇಲ್ಲ, ಬೀಜ ಅದ. ನೀವು ನಿಂತಲ್ಲೇ ಅದ" ಎಂದರು. ಅಧ್ಯಕ್ಷರು ತಟ್ಟನೆ ಒಂದು ಹೆಜ್ಜೆ ಹಿಂದೆ ಸರಿದರು. ಅಲ್ಲೂ ಇತ್ತೇನೋ ಪಾಪ.

ನಿರ್ದೇಶಕಿಯ ಸಹಿಯಿಲ್ಲದೆ ಕೆಲಸ ಸುರುವಾಗುವಂತಿರಲಿಲ್ಲ. ಮೇಡಂ ಸಹಿ ಹಾಕಲಿಲ್ಲ. ಗಡುವು ದಾಟಿ ಅನುದಾನ ವಾಪಸು ಹೋಯಿತು. ಅವರಿಗೆ ಎರಡನೇ ಅವಧಿ ಸಿಗಲಿಲ್ಲ. ನಾನು ಯಶವಂತಪುರದ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಹೋದೆ. ಮಾರುಕಟ್ಟೆಯ ಈರುಳ್ಳಿ ಲಾರಿಗಳ ನಡುವೆ ನುಸುಳಿ ತರಗತಿ ಮುಟ್ಟಿದರೆ, ಬೇರೆಲ್ಲೂ ಸೀಟು ಸಿಗದೆ ಬಾಟನಿಗೆ ಬಂದ ಮಕ್ಕಳು ನನ್ನನ್ನು ಕರುಣೆಯಿಂದ ನೋಡುತ್ತಿದ್ದರು. ನಾನೂ ಅವರನ್ನು ಹಾಗೆಯೇ ನೋಡುತ್ತಿದ್ದೆ. ಆ ವರ್ಷಗಳಲ್ಲಿ ಮೇಡಂ ಮೇಲೆ ನನಗಿದ್ದ ಸಿಟ್ಟು ಸಣ್ಣದಲ್ಲ. ಹಬ್ಬಕ್ಕೆ ಫೋನು ಮಾಡುತ್ತಿದ್ದೆ, ಆರೋಗ್ಯ ವಿಚಾರಿಸುತ್ತಿದ್ದೆ, ಆ ಕಟ್ಟಡದ ಮಾತು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಆ ನೆಲವಾದರೂ ಉಳಿಯಿತೇ? ಇಲ್ಲ. ಅವರ ನಂತರ ಬಂದವರು ಅಲ್ಲಿ ಅತಿಥಿಗೃಹ ಕಟ್ಟಿಸಿದರು. ನಾನು ಮತ್ತೆ ಸಂಸ್ಥೆಗೆ ಕೆಲಸಕ್ಕೆ ಸೇರುವಷ್ಟರಲ್ಲಿ ಅಲ್ಲಿ ಕತ್ತರಿಸಿದ ಹುಲ್ಲುಹಾಸೂ ಕಾರಂಜಿಯೂ ಇದ್ದವು.

ಸೀರೆಗಳನ್ನೆಲ್ಲ ಮಂಚದ ಮೇಲೆ ಹರಡಿದ ಮರುದಿನ, ಭಾನುವಾರ, ಆಟೋ ಹತ್ತಿ ಆರ್.ಟಿ. ನಗರಕ್ಕೆ ಹೋದೆ. ಮೇಡಂ ಅಲ್ಲಿ ತಂಗಿಯ ಜೊತೆ ಎರಡನೇ ಮಹಡಿಯಲ್ಲಿದ್ದಾರೆ. ಮನೆಯಲ್ಲಿ ಒಂದೂ ಕುಂಡವಿಲ್ಲ. "ಕುಂಡದಾಗ ಗಿಡ ಇಡೂದು ನನಗ ಆಗಿಬರೂದಿಲ್ಲ" ಎನ್ನುತ್ತಾರೆ.

"ಬಾರವಾ, ಕುಂದ್ರು. ಡೈರೆಕ್ಟರ್ ಆಗ್ತೀಯಂತ?"

ಸುದ್ದಿ ಆಗಲೇ ತಲುಪಿತ್ತು. ನಾನು ಪೀಠಿಕೆ ಹಾಕಲಿಲ್ಲ. "ಮೇಡಂ, ಆ ಬಿಲ್ಡಿಂಗ್ ಬೇಡ ಅಂದಾಗ ನನ್ನ ಕೆಲ್ಸ ಹೋಗುತ್ತೆ ಅಂತ ನಿಮಗೆ ಗೊತ್ತಿತ್ತಲ್ವಾ?"

ಕೆಳಗೆ ತಳ್ಳುಗಾಡಿಯವನು ಸೊಪ್ಪಿನ ಹೆಸರು ಕೂಗುತ್ತ ಹೋದ.

"ಗೊತ್ತಿತ್ತು."

"ಒಂದು ಮಾತು ಕೇಳ್ಬಹುದಿತ್ತು."

"ಕೇಳಿದ್ರ ನೀ ಏನಂತಿದ್ದಿ?"

"ಕಟ್ಟಿಸಿ ಅಂತಿದ್ದೆ."

"ಅದಕ್ಕ ಕೇಳಲಿಲ್ಲ" ಎಂದರು. ತಂಗಿ ಆಗಲೇ ತಂದಿಟ್ಟಿದ್ದ ಚಹಾವನ್ನು ನನ್ನ ಕಡೆ ಸರಿಸಿ, "ಕೇಳಬೇಕಾಗಿತ್ತು. ಕೇಳಿ, ನಿನ್ನ ಮುಂದ ಕುಂತು ಬ್ಯಾಡ ಅನಬೇಕಾಗಿತ್ತು. ಅಷ್ಟು ಧೈರ್ಯ ಇರಲಿಲ್ಲ ನನಗ. ಆ ಅಧ್ಯಕ್ಷಗ ಇಲ್ಲ ಅನ್ನೂದು ಸುಲಭ ಇತ್ತವಾ."

ಚಹಾ ತಣ್ಣಗಾಗಿತ್ತು. ಇಬ್ಬರೂ ಕುಡಿದೆವು.

ಸೋಮವಾರ ಬೆಳಿಗ್ಗೆ ಅಧ್ಯಕ್ಷರಿಗೆ ಫೋನು ಮಾಡುವ ಮೊದಲು, ನನ್ನ ಬಳಿ ಸಂಶೋಧನೆ ಮಾಡುತ್ತಿರುವ ಇಬ್ಬರು ಹುಡುಗಿಯರನ್ನು ಕರೆದೆ. ನಾನು ಆ ಕುರ್ಚಿಗೆ ಹೋದರೆ ಅವರ ಜೊತೆ ಫೀಲ್ಡಿಗೆ ಹೋಗುವವರಿಲ್ಲ. ಏನಂತೀರಿ ಎಂದೆ.

"ಡೈರೆಕ್ಟರ್ ಆದ್ರೆ ನಮಗೆ ಜೀಪ್ ಸಿಗುತ್ತಾ ಮೇಡಂ?" ಎಂದಳು ಪವಿತ್ರಾ.

ಆಯಿಷಾ ನಗಲಿಲ್ಲ. "ಬೇಡ ಮೇಡಂ" ಎಂದಳು. "ನೀವಿದ್ದೀರ ಅಂತಾನೇ ನಾನು ಬೇರೆ ಕಡೆ ಸೀಟ್ ಬಿಟ್ಟು ಇಲ್ಲಿಗೆ ಬಂದಿದ್ದು."

ಕೇಳದೆ ಇದ್ದಿದ್ದರೆ ಎಷ್ಟು ಆರಾಮವಾಗಿತ್ತು ಎಂದು ಆ ಕ್ಷಣ ನನಗೆ ತಿಳಿಯಿತು. ಅವಳ ಮುಖ ನೋಡಿಕೊಂಡೇ ಹೇಳಿದೆ: "ಒಪ್ಕೋತಿದ್ದೀನಿ ಕಣಮ್ಮ. ಹೋದ ಸಲ ಅತಿಥಿಗೃಹ ಕಟ್ಟೋವಾಗ ಆ ಕುರ್ಚಿಲಿ ಆ ನೆಲ ಬಲ್ಲೋರು ಯಾರೂ ಇರ್ಲಿಲ್ಲ." ಅವಳು ತಲೆಯಾಡಿಸಿದಳು, ಒಪ್ಪಿ ಅಲ್ಲ. ಆಮೇಲೆ ಅಧ್ಯಕ್ಷರಿಗೆ ಫೋನು ಮಾಡಿ ಒಪ್ಪಿದೆ, ಪ್ರತಿ ಗುರುವಾರ ಬೆಳಗಿನ ಹೊತ್ತು ಮಾತ್ರ ಹುಡುಗಿಯರ ಜೊತೆ ಫೀಲ್ಡಿನಲ್ಲಿರುತ್ತೇನೆ, ಆಫೀಸಿನಲ್ಲಿರುವುದಿಲ್ಲ ಎಂದೂ ಹೇಳಿದೆ. "ಅದು ಹೇಗಮ್ಮ ಆಗುತ್ತೆ?" ಎಂದರು. "ಗೊತ್ತಿಲ್ಲ ಸರ್, ಮಾಡಿ ನೋಡ್ತೀನಿ" ಎಂದೆ.

ಇವತ್ತು ಗುರುವಾರ. ಹೆಸರಘಟ್ಟದ ಕಡೆಯ ಹುಲ್ಲುಗಾವಲಿನಲ್ಲಿ ಹಗ್ಗ ಕಟ್ಟಿ ಚೌಕ ಮಾಡಿ, ಒಂದೊಂದು ಚೌಕದಲ್ಲಿ ಏನೇನು ಬೆಳೆದಿದೆಯೆಂದು ಆಯಿಷಾ ನೋಡುತ್ತಿದ್ದಳು. ನಾನು ಅವಳೆದುರು ಮೊಣಕಾಲೂರಿ ಕೂತಿದ್ದೆ. ಫೋನು ಬಡಿದುಕೊಂಡಿತು, ಸುಮ್ಮನಾಯಿತು, ಮತ್ತೆ ಬಡಿದುಕೊಂಡಿತು. ಆಫೀಸು. ಎದ್ದು ಆಚೆ ಹೋಗಿ ಮಾತಾಡಿದೆ, ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತಾಯಿತು. ತಿರುಗಿ ಬರುವಷ್ಟರಲ್ಲಿ ಅವಳು ನನಗಾಗಿ ಕಾಯದೆ ಹಗ್ಗ ಬಿಚ್ಚಿ ಮುಂದಿನ ಚೌಕಕ್ಕೆ ಹೋಗಿದ್ದಳು. ನಾನು ಚಪ್ಪಲಿ ಕೈಯಲ್ಲಿ ಹಿಡಿದು, ಹುಲ್ಲು ತುಳಿಯದಂತೆ ಜಾಗ ನೋಡಿ ಹೆಜ್ಜೆಯಿಡುತ್ತ, ಅವಳ ಹಿಂದೆ ನಡೆದೆ.