ಗೌರಿ ಹೂವಿಗೆ ಬೋರ್ಡು ಬರೆದದ್ದು

ಈ ಬೆಳಿಗ್ಗೆ ತಾಂಡವಪುರದಿಂದ ಮೊಸರು ತರುವ ಜಯಮ್ಮ ಗಡಿಗೆಯ ಮುಚ್ಚಳದ ಮೇಲೆ ಒಂದು ಗೌರಿ ಹೂವನ್ನಿಟ್ಟುಕೊಂಡು ಬಂದಳು. ಹಳದಿಯಿಂದ ಕೆಂಪಿಗೆ ತಿರುಗಿದ, ಒಲೆಯ ಉರಿಯಂತೆ ಮೇಲಕ್ಕೆದ್ದ ಎಸಳು. ಹಬ್ಬ ಬಂತಲ್ಲ, ನಿಮಗೂ ಒಂದಿರಲಿ ಅಂತ ತಂದೆ ಎಂದಳು. ನಾನೋ, 'ಹೂ ಕೀಳು ಅಂತ ಹೇಳ್ದೋರು ಯಾರು ನಿನಗೆ?' ಎಂದು ರೇಗಿಬಿಟ್ಟೆ. ಪಾಪ, ಅವಳು ಕಣ್ಣು ಕಣ್ಣು ಬಿಟ್ಟಳು. ಈ ಸಿಟ್ಟಿಗೆ ನಲವತ್ತು ವರ್ಷದ ಹಿಂದಿನ ಕಾರಣವಿದೆ, ಕೂತುಕೊಳ್ಳಿ, ಹೇಳುತ್ತೇನೆ.

ಆಗ ಮಹಾರಾಜರ ಕಾಲ. ನಾನು ಹೆಮ್ಮಿಗೆಯ ಸ್ಕೂಲಿಗೆ ಹೊಸ ಮೇಷ್ಟ್ರು; ತಲೆಗೆ ಪೇಟ, ಕೈಗೆ ಕೊಡೆ, ಬಾಯಿ ತುಂಬ ಉಪದೇಶ. ಹೊಳೆ ದಾರಿಯ ಕಳ್ಳಿಬೇಲಿಯಲ್ಲಿ ಐದಾರು ಗೌರಿ ಬಳ್ಳಿಗಳಿದ್ದವು. ಊರಿಗೆಲ್ಲ ಅಷ್ಟೇ. ಹಬ್ಬ ಬಂದರೆ ಜನ ಹೂವಿಗೆ ಕೈಹಾಕುವರು; ಬಳ್ಳಿ ಬಲು ಮೆದು, ಬುಡಸಮೇತ ಕಿತ್ತು ಬರುವುದು. ಬೇಲಿಯ ಮಗ್ಗುಲಿನ ಹೊಲ ನಿಂಗಮ್ಮನದು. 'ನಾ ಮದ್ವೆಯಾಗಿ ಬಂದಾಗ ಬೇಲಿ ಪೂರ್ತಾ ಉರೀತಿತ್ತು ಸಾ. ಈ ಸಲವೂ ಕಾಯಿ ಕಟ್ನಿಲ್ಲ ಅಂದ್ರೆ ಮುಗೀತು' ಎಂದು ಕೊರಗುತ್ತಿದ್ದಳು. ಯಾರೂ ಕರೆಯದಿದ್ದರೂ ನಾನು ಕಾವಲಿಗೆ ನಿಂತೆ.

ನಿಂತೆ ಅಂದರೆ, ಮೇಷ್ಟ್ರಾದವನು ಮಾಡುವುದನ್ನೇ ಮಾಡಿದೆ: ಒಂದು ಬೋರ್ಡು ಬರೆದೆ. 'ಇಲ್ಲಿಯ ಹೂಗಳನ್ನು ಯಾರೂ ಕೀಳತಕ್ಕದ್ದಲ್ಲ.' ದುಂಡು ಅಕ್ಷರ. ನಾನೇ ಎರಡು ಸಲ ಹಿಂದೆ ಸರಿದು ನೋಡಿ ಮೆಚ್ಚಿಕೊಂಡೆ. ಓದು ಬಲ್ಲವರು ಊರಲ್ಲಿ ನಾಲ್ಕು ಮನೆ. ಉಳಿದವರು ಅದೆಂಥ ಹಲಗೆ ಎಂದು ನೋಡಲು ಬಂದರು, ಹಲಗೆಯ ಹಿಂದೆ ಹೂ ಕಂಡರು, ಕಿತ್ತುಕೊಂಡು ಹೋದರು. ಸಂಜೆಗೆ ಉಳಿದದ್ದು ಒಂದೇ ಬಳ್ಳಿ, ಅದರಲ್ಲಿ ಮೂರು ಹೂ. ಬೆಳಗಾದರೆ ಹಬ್ಬ.

ನಿಂಗಮ್ಮ ಬೈಯಲಿಲ್ಲ, ಬೈದಿದ್ದರೆ ವಾಸಿಯಾಗಿತ್ತು. ಸುಮ್ಮನೆ ಹಲಗೆ ಕಿತ್ತು ಒಲೆಗೆ ಹಾಕಿದಳು. ಬೆಳಿಗ್ಗೆ ಬಳ್ಳಿಯ ಬುಡಕ್ಕೊಂದು ಕಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ದೀಪ ಬೆಳಗಿ ಕೂತಳು. ಹೊಳೆಯಿಂದ ಗಂಗೆ ತರಲು ಹೊರಟ ಹೆಂಗಸರು ಹೂವಿಗೆ ಕೈಚಾಚಿದರು.

'ಗೌರಮ್ಮ ಇಲ್ಲೇ ಬಂದು ಕುಂತವ್ಳೆ ಕಣ್ರವ್ವ. ಅವಳ ಮುಡಿ ಹೂವ ಕಿತ್ತು ಅವಳ್ಗೇ ಮುಡಿಸೀರಾ?'

ಚಾಚಿದ ಕೈಗಳು ಹಿಂದಕ್ಕೆ ಬಂದವು. ಒಬ್ಬಳು ಆರತಿ ಎತ್ತಿದಳು, ಇನ್ನೊಬ್ಬಳು ಹಾಡು ಶುರುಮಾಡಿದಳು. ನಾನೂ ಕೊಡೆ ಮಡಿಸಿ ಕೈಮುಗಿದೆ. ಕೆಲಸದ ಆರ್ಡರು ಬಂದ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಮೂರೂ ಹೂ ಕಾಯಾದವು. ಕಾಯಲು ಹೆಂಗಸರು ಸರದಿ ಹಾಕಿಕೊಂಡರು; ಸ್ಕೂಲು ಬಿಟ್ಟ ಮೇಲಿನದು ನನ್ನ ಸರದಿ. ಕಾಯಿ ಬಿರಿದು ಕೆಂಪು ಬೀಜ ಕಂಡ ದಿನ ನಿಂಗಮ್ಮ ನನ್ನ ಕೈಗೊಂದು ಅಚ್ಚು ಬೆಲ್ಲವಿಟ್ಟಳು. ಮರುವರ್ಷದ ಹಬ್ಬಕ್ಕೆ ಊರ ಹೆಣ್ಣುಮಕ್ಕಳಿಗೆ ಗಂಡನ ಮನೆಗೆ ಮೊರದ ಬಾಗಿನ ಹೋಯಿತಲ್ಲ, ಒಂದೊಂದು ಮೊರದಲ್ಲೂ ಬಳೆಯ ಪಕ್ಕ ನಾಲ್ಕು ಬೀಜದ ಗಂಟು ಇಡಿಸಿದಳು, ಬೇಲಿಗೆ ಹಾಕಿಕೊಳ್ಳಲಿ ಅಂತ. ಅಷ್ಟರಲ್ಲಿ ನನಗೆ ನಂಜನಗೂಡಿಗೆ ವರ್ಗವಾಯಿತು. ಆ ಬೀಜ ಮೊಳೆತವೋ ಇಲ್ಲವೋ, ನನಗೆ ತಿಳಿಯಲೇ ಇಲ್ಲ.

ಇಷ್ಟನ್ನೂ ಜಯಮ್ಮನಿಗೆ ಹೇಳಿದೆ. ಅವಳು ನಕ್ಕಳು.

'ನಮ್ಮತ್ತೆ ತವರು ಹೆಮ್ಮಿಗೆನೇ ಕಣ್ರೀ ಮೇಷ್ಟ್ರೇ. ಬಾಗಿನದಾಗೆ ಬೀಜ ಬಂದಿತ್ತಂತೆ. ಈಗ ನಮ್ ಬೇಲಿನೇ ಕಾಣಾಕಿಲ್ಲ, ಬರೀ ಹೂವೇಯ.'

ನನ್ನ ಕಣ್ಣು ತುಂಬಿಬಂತು. ಆದರೂ ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ? ಮತ್ತೆ ರೇಗಿಯೇ ಕೇಳಿದೆ:

'ಹಾಗಿದ್ರೆ ಒಂದೇ ಯಾಕಮ್ಮ ತಂದೆ?'