ನಮ್ಮ ಭಾವ ಹುಟ್ಟಿಸಿದ ಕಟ್ಟಳೆ

ನಮ್ಮ ಭಾವ ಬಂದರಿನ ದುಭಾಷಿ. ನಾಲ್ಕು ತೀರದ ದೋಣಿಗಳು ಬಂದು ನಿಲ್ಲುವ ಕಟ್ಟೆಯ ಮೇಲೆ, ನಾಲ್ಕು ಭಾಷೆ ಬಲ್ಲೆನೆಂದು ಎದೆಯುಬ್ಬಿಸಿ ತಿರುಗುತ್ತಾನೆ. ಬಲ್ಲದ್ದು ಮೀನಿನ ಬೆಲೆ, ನಾಲ್ಕು ಬೈಗುಳ, ಬನ್ನಿ-ಹೋಗಿ, ಅಷ್ಟೇ. ಹಾಳೂರಿಗೆ ಉಳಿದವನೇ ಗೌಡ. ಆಫೀಸಿನವರಿಗೆ ಅಷ್ಟೂ ಬರುವುದಿಲ್ಲವಾದ್ದರಿಂದ ಇವನಿಗೆ ಕುರ್ಚಿ, ಫ್ಯಾನು, ಎದೆಯ ಮೇಲೊಂದು ಬಿಲ್ಲೆ.

ನನ್ನಕ್ಕ ಹರಿದ ಬಲೆ ಹೊಲಿಯುವವಳು. ಎದುರು ತೀರದವರ ಬಲೆ ಬಲು ಭಾರ, ಕೆಳಗಿಳಿಸಿದರೆ ಒಂದು ದಿನ ಹಾಳು. ಅದಕ್ಕೆ ಹದಿನೆಂಟು ವರ್ಷದಿಂದ ಅವಳೇ ಹಲಗೆ ಹತ್ತಿ ಹೋಗಿ, ದೋಣಿಯ ಮೇಲೆ ಕೂತು ಹೊಲಿಯುತ್ತಾಳೆ. ನಾನು ಜೊತೆಗೆ ಕೂತು ನೂಲು ಸುತ್ತಿಕೊಡುತ್ತೇನೆ. ಮನೆ ನಡೆಯುವುದು ಆ ಸೂಜಿಯಿಂದ, ಬಿಲ್ಲೆಯಿಂದಲ್ಲ.

ಒಂದು ವರ್ಷ ಒಬ್ಬ ಪಂಡಿತ ಬಂದ. ಈ ಕಡಲ ಸುತ್ತಲಿನ ಜನರ ರೀತಿನೀತಿ ಬರೆಯುತ್ತಾನಂತೆ. ದೋಣಿ ಹತ್ತಲಿಲ್ಲ, ವಾಂತಿ ಬರುತ್ತದಂತೆ. ಎಂಟು ದಿನ ಭಾವ ಹೇಳಿದ್ದನ್ನೇ ಬರೆದುಕೊಂಡ. ಎಂಟನೆಯ ದಿನ ಭಾವನ ಸರಕು ಮುಗಿಯಿತು. ಎದುರು ತೀರದವರಲ್ಲಿ ಏನೇನು ನಿಷೇಧ ಎಂದು ಕೇಳಿದರೆ, ಗೊತ್ತಿಲ್ಲ ಎನ್ನಲು ಆ ನಾಲಿಗೆ ಹೊರಳೀತೇ?

"ಹೆಂಗಸು ದೋಣಿಗೆ ಕಾಲಿಟ್ರೆ ಮೀನು ಸಿಗಲ್ಲ ಅಂತಾರೆ ಸಾರ್," ಎಂದು ಕಾಗೆ ಹಾರಿಸಿದ. ಆಗ ಅವನ ಹೆಂಡತಿ ಎದುರಿಗೇ ಹಲಗೆ ಹತ್ತುತ್ತಿದ್ದಳು. ಪಂಡಿತ ತಲೆಯೆತ್ತಿ ನೋಡಲಿಲ್ಲ.

ಪುಸ್ತಕ ಅಚ್ಚಾಯಿತು. ಬಂದರಿಗೆ ಬಂದ ಹೊಸ ಅಧಿಕಾರಿ ಅದನ್ನು ಓದಿದ. ಪರರ ಸಂಪ್ರದಾಯವನ್ನು ಗೌರವಿಸಿ ಹೆಂಗಸರು ಎದುರು ತೀರದ ದೋಣಿ ಹತ್ತಕೂಡದು ಎಂದು ಬೋರ್ಡು ಹಾಕಿಸಿದ. ಅಕ್ಕನ ಕೆಲಸ ನಿಂತಿತು.

"ಹೋಗಿ, ಸುಳ್ಳು ಹೇಳಿದ್ದೆ ಅಂತ ಹೇಳ್ರೀ," ಎಂದಳು ಗಂಡನಿಗೆ.

"ಹೇಳಿದ್ರೆ ನನ್ನ ಮಾನ ಏನಾಗತ್ತೆ?"

ಮಾನವಂತೆ! ಇದ್ದವರು ಚಿಂತೆ ಮಾಡಲಿ.

ಮೂರನೆಯ ವಾರ ಎದುರು ತೀರದ ದೋಣಿಯ ಯಜಮಾನ ಆಫೀಸಿಗೇ ನುಗ್ಗಿದ. ಬೋರ್ಡಿನತ್ತ ಬೆರಳು ತೋರಿಸಿ, "ನಮ್ಮಲ್ಲಿ ಇಂಥ ಕಟ್ಟಳೆ ಇಲ್ಲ. ನಮ್ಮ ದೋಣೀಲಿ ಬಲೆ ಎಳೆಯೋಳೇ ನಮ್ಮಮ್ಮ. ಹೊಲಿಯೋಳನ್ನ ಕಳಿಸಿ!" ಎಂದು ತನ್ನ ಭಾಷೆಯಲ್ಲಿ ಕೂಗಾಡಿದ. ಅವನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೂ ನನಗೂ ಪೂರಾ ಅರ್ಥವಾಯಿತು. ಹದಿನೆಂಟು ವರ್ಷ ಅವರ ನಡುವೆ ಕೂತವರಿಗೆ ಆ ಮಾತು ಬರದಿರುತ್ತದೆಯೇ? ಭಾವನಿಗೆ ಅರ್ಧ ಅರ್ಥವಾಗಿತ್ತು, ಉಳಿದದ್ದನ್ನು ಬೆರಳು ಹೇಳಿತ್ತು. ಬೆವರು ಒರೆಸಿಕೊಂಡ.

"ಬೋರ್ಡು ಹಾಕಿದ್ದಕ್ಕೆ ಧನ್ಯವಾದ ಅಂತಿದಾರೆ ಸಾರ್."

ಥೂ!

ಅಕ್ಕ ಒಳಗೆ ಹೋಗಿ ನಿಜ ಹೇಳಿದಳು. ಅಧಿಕಾರಿ ಪುಸ್ತಕ ತಟ್ಟಿ, "ಇದರಲ್ಲಿ ಹಾಗೆ ಬರೆದಿಲ್ವಲ್ಲಮ್ಮ," ಎಂದ. ಅಕ್ಕ ವಾದಕ್ಕೆ ನಿಲ್ಲಲಿಲ್ಲ. ಯಜಮಾನನ ಹಿಂದೆ ನಡೆದು, ಬೋರ್ಡು ದಾಟಿ ಹಲಗೆ ಹತ್ತಿದಳು. ಅವನಮ್ಮ ಮೇಲಿನಿಂದ ಕೈ ಚಾಚಿ ಎಳೆದುಕೊಂಡಳು. ಅಧಿಕಾರಿ ಕಿಟಕಿಯಿಂದ ಅದನ್ನು ನೋಡಿದ, ಪುಸ್ತಕವನ್ನೂ ನೋಡಿದ, ಯಾವುದು ಸರಿ ಎಂದು ಭಾವನನ್ನು ಕೇಳಿದ.

ಮಧ್ಯಾಹ್ನ ಭಾವ ಬಂದು ಹಲಗೆಯ ಕೆಳಗೆ ನಿಂತ. ನಾನು ಅಲ್ಲೇ ನೂಲು ಸುತ್ತುತ್ತಿದ್ದೆ.

"ಲೇ, ಸಂಜೆ ಮನೆಗೆ ಬರ್ತೀಯಲ್ಲ?" ಎಂದು ಮೇಲಕ್ಕೆ ಕೂಗಿದ.

ಅಕ್ಕ ಸೂಜಿಯಿಂದ ಕಣ್ಣೆತ್ತದೆ, ಎದುರು ತೀರದ ಭಾಷೆಯಲ್ಲಿ ಉತ್ತರ ಕೊಟ್ಟಳು: "ನನ್ನ ಅನ್ನಕ್ಕೆ ಕಲ್ಲು ಹಾಕಿದೋನ ಮನೆಗೆ ಇನ್ನು ಕಾಲಿಡಲ್ಲ."

"ಏನಂದ್ಲು?" ಎಂದು ದುಭಾಷಿ ನನ್ನನ್ನು ಕೇಳಿದ.

"ಧನ್ಯವಾದ ಅಂತಿದಾಳೆ ಭಾವ," ಎಂದೆ.